ಕೈಯಲ್ಲೊಂದು ಅಳತೆಗೋಲು

ಆಕೆ: ಮೇಷ್ಟ್ರೇ, ಬಿಡುವಾಗಿದ್ದೀರಾ? ಇದನ್ನ ಸ್ವಲ್ಪ ನೋಡಿ. ಹದಿನಾಲ್ಕು ಸಾವಿರದ ಇನ್ನೂರು! ಕೆಂಪು ದೀಪ ಆರ್ತಾನೇ ಇಲ್ಲ. ನಿನ್ನೆ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ನಾನು.

ಮೇಷ್ಟ್ರು: ಬಾಮ್ಮ, ಮೊದಲು ಕೂತ್ಕೋ. ಹದಿನಾಲ್ಕು ಸಾವಿರ ಏನು?

ಆಕೆ: ರೇಡಿಯೇಷನ್ನು. ಎದುರು ಸಾಲಿನ ಮೂರನೇ ಮನೆ ಮೇಲೆ ಟವರ್ ನಿಲ್ಲಿಸಿದಾರಲ್ಲ, ಅವತ್ತಿಂದ ನೆಮ್ಮದಿಯಿಲ್ಲ. ಮಗೂಗೆ ಇನ್ನೂ ಎರಡು ವರ್ಷ. ಅವರಿವರು ಹೇಳಿದ್ದು ಕೇಳಿ ಕೇಳಿ ಸಾಕಾಗಿ, ನಾನೇ ಅಳೆದು ನೋಡೋಣ ಅಂತ ಈ ಮೀಟರ್ ತರಿಸಿದೆ. ಬಾಲ್ಕನಿಯಲ್ಲಿ ಹಿಡಿದರೆ ಇಷ್ಟು ತೋರಿಸ್ತು.

ಮೇಷ್ಟ್ರು: ಅಳೆಯಬೇಕು ಅನ್ನಿಸಿತಲ್ಲ, ಅದು ಒಳ್ಳೇದಾಯ್ತು. ಆದರೆ ಬರೀ ಹದಿನಾಲ್ಕು ಸಾವಿರ ಅಂದರೆ, ಸಂತೆಯಿಂದ ಬಂದವರು 'ರಾಗಿ ನಲವತ್ತು ತಂದೆ' ಅಂದ ಹಾಗೆ. ಸೇರೋ, ಕಿಲೋನೋ, ಮೂಟೆಯೋ? ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಏನಿದೆ, ಓದು.

ಆಕೆ: ಚದರ ಮೀಟರಿಗೆ ಮೈಕ್ರೋವ್ಯಾಟ್ ಅಂತಿದೆ.

ಮೇಷ್ಟ್ರು: ಮೈಕ್ರೋ ಅಂದರೆ ಹತ್ತು ಲಕ್ಷದಲ್ಲೊಂದು ಪಾಲು. ನಿನ್ನ 14,200 ಮೈಕ್ರೋವ್ಯಾಟ್ ಅಂದರೆ 14.2 ಮಿಲಿವ್ಯಾಟ್, ಅಂದರೆ 0.0142 ವ್ಯಾಟ್. ಇದೇ ಜಾಗದಲ್ಲಿ, ಇದೇ ಕ್ಷಣದಲ್ಲಿ ಇನ್ನೊಂದು ಕಂಪನಿಯ ಮೀಟರ್ ಹಿಡಿದಿದ್ದರೆ ಅದು 1.42 ಅಂತ ತೋರಿಸಬಹುದಿತ್ತು. ಅದರ ಲೆಕ್ಕ ಚದರ ಸೆಂಟಿಮೀಟರಿಗೆ. ಮೂರನೆಯದೊಂದು 2.3 ಅನ್ನುತ್ತಿತ್ತು. ಅದು ಮೀಟರಿಗೆ ಎಷ್ಟು ವೋಲ್ಟ್ ಅನ್ನೋ ಲೆಕ್ಕ. ಮೂರೂ ಸರಿಯೇ. 1.42 ಅಂತ ಕಂಡಿದ್ದರೆ ನಿನ್ನೆ ನಿದ್ದೆ ಬಂದಿರೋದು. ಅಲ್ವಾ?

ಆಕೆ: ಹಾಗಾದರೆ ಹೆದರೋ ಅಗತ್ಯ ಇಲ್ಲ ಅಂತೀರಾ?

ಮೇಷ್ಟ್ರು: ಹಾಗಂತ ನಾನೆಲ್ಲಿ ಹೇಳಿದೆ? ನಾವಿನ್ನೂ ಅಳೆದೇ ಇಲ್ಲ. ನಡಿ, ನಿಮ್ಮ ಬಾಲ್ಕನಿಗೆ ಹೋಗೋಣ.

ಆಕೆ: ಇಲ್ಲೇ ನಿಂತು ಹೀಗೆ ಎದೆಗೆ ಹಿಡ್ಕೊಂಡು ನೋಡ್ದೆ.

ಮೇಷ್ಟ್ರು: ಮೊಬೈಲ್ ಎಲ್ಲಿದೆ?

ಆಕೆ: ಜೇಬಲ್ಲಿ.

ಮೇಷ್ಟ್ರು: ಫ್ಲೈಟ್ ಮೋಡಿಗೆ ಹಾಕು. ಹೂಂ, ಈಗ ನೋಡು.

ಆಕೆ: ಒಂಬತ್ತು ಸಾವಿರಕ್ಕೆ ಬಂತು!

ಮೇಷ್ಟ್ರು: ಹಾಲಿನ ಗೋಡೆಗೆ ಹಾಕಿದೀಯಲ್ಲ ವೈಫೈ ರೂಟರ್, ಅದರ ಸ್ವಿಚ್ ಆರಿಸಿ ಬಾ.

ಆಕೆ: ಈಗ ಆರು ಸಾವಿರದ ಎಂಟುನೂರು. ಟವರಿಂದು ಅಂದ್ಕೊಂಡಿದ್ದರಲ್ಲಿ ಅರ್ಧಕ್ಕರ್ಧ ನಮ್ಮನೇದೇ!

ಮೇಷ್ಟ್ರು: ಇನ್ನೂ ಇದೆ. ಟವರಿಗೆ ಬೆನ್ನು ಮಾಡಿ ನಿಲ್ಲು. ಎಷ್ಟು?

ಆಕೆ: ಸಾವಿರದ ಒಂಬೈನೂರು. ಇದೇನು ಹೀಗೆ?

ಮೇಷ್ಟ್ರು: ನಿನ್ನ ಮೈ ಅಡ್ಡ ಬಂತು. ನಮ್ಮ ದೇಹದ ತುಂಬ ಉಪ್ಪುನೀರು, ಈ ಅಲೆಗಳನ್ನ ಚೆನ್ನಾಗಿ ಹೀರುತ್ತೆ. ಅದಕ್ಕೇ ಮೀಟರನ್ನ ಕೈ ಪೂರ್ತಿ ಚಾಚಿ ಹಿಡೀಬೇಕು, ಎದೆಗೆ ಒತ್ತಿ ಹಿಡೀಬಾರದು. ಈಗ ಮತ್ತೆ ತಿರುಗಿ, ನಿಂತಲ್ಲೇ ಮೀಟರನ್ನ ನಾಲ್ಕು ಬೆರಳಷ್ಟು ಪಕ್ಕಕ್ಕೆ ಸರಿಸು.

ಆಕೆ: ಮೂರು ಸಾವಿರ... ಮತ್ತೆ ಆರು ಸಾವಿರ. ಕೆಟ್ಟಿದೆಯೇನೋ ಮೇಷ್ಟ್ರೇ.

ಮೇಷ್ಟ್ರು: ಕೆಟ್ಟಿಲ್ಲ, ಸರಿಯಾಗಿ ಕೆಲಸ ಮಾಡ್ತಿದೆ. ನೇರವಾಗಿ ಬರೋ ಅಲೆ ಒಂದು, ಗೋಡೆಗೆ, ಕಬ್ಬಿಣದ ಕಂಬಿಗೆ ಬಡಿದು ವಾಪಸ್ ಬರೋ ಅಲೆ ಇನ್ನೊಂದು. ಎರಡೂ ಒಂದೆಡೆ ಕೂಡಿಕೊಳ್ಳುತ್ತವೆ, ಪಕ್ಕದಲ್ಲೇ ಒಂದನ್ನೊಂದು ಅಳಿಸುತ್ತವೆ. ಕಲ್ಯಾಣಿಗೆ ಎರಡು ಕಲ್ಲು ಒಟ್ಟಿಗೆ ಎಸೆದಾಗ ನೀರು ಹೇಗಾಗುತ್ತೋ ಹಾಗೆ. 1800 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 16.7 ಸೆಂಟಿಮೀಟರ್, ಅದರಲ್ಲಿ ಅರ್ಧ ಅಂದರೆ ನಿನ್ನ ನಾಲ್ಕು ಬೆರಳಿನ ಅಗಲ. ಹಾಗಾಗಿ ಒಂದೇ ಬಿಂದುವಿನಲ್ಲಿ ಒಂದೇ ಸಲ ನೋಡಿ ಬರೆದ ಅಂಕಿಯನ್ನ ನಾನು ಅಳತೆ ಅಂತ ಒಪ್ಪಲ್ಲ. ಮೀಟರನ್ನ ನಿಧಾನವಾಗಿ ಆಡಿಸುತ್ತಾ, ಸೊಂಟದ ಎತ್ತರದಿಂದ ತಲೆಯ ಎತ್ತರದವರೆಗೆ ನೋಡಬೇಕು. ಅತಿ ಹೆಚ್ಚು ಎಷ್ಟು, ಸರಾಸರಿ ಎಷ್ಟು, ಎರಡನ್ನೂ ಬರ್ಕೋಬೇಕು.

ಆಕೆ: ಇದರೊಳಗೆ ಇರೋದಾದರೂ ಏನು?

ಮೇಷ್ಟ್ರು: ಪಾಲಿಟೆಕ್ನಿಕ್‌ನಲ್ಲಿ ಈ ಪಾಠ ಮಾಡೋವಾಗ ನನಗೆ ಯಾವಾಗಲೂ ಉತ್ಸಾಹ ಉಕ್ಕುತ್ತಿತ್ತು. ತುದಿಯಲ್ಲಿ ಈ ಗುಂಡಿದೆಯಲ್ಲ, ಅದರೊಳಗೆ ಮೂರು ಪುಟ್ಟ ಆಂಟೆನಾ, ಒಂದಕ್ಕೊಂದು ಲಂಬವಾಗಿ. ಅಲೆ ಯಾವ ದಿಕ್ಕಿಂದ ಬಂದರೂ ಒಂದಲ್ಲ ಒಂದಕ್ಕೆ ಸಿಕ್ಕಲೇಬೇಕು. ಪ್ರತಿಯೊಂದಕ್ಕೂ ಒಂದು ಡಯೋಡು. ಸೆಕೆಂಡಿಗೆ ಕೋಟಿಗಟ್ಟಲೆ ಸಲ ಹಿಂದುಮುಂದಾಗೋ ವಿದ್ಯುತ್ತನ್ನ ಅದು ಒಂದೇ ದಿಕ್ಕಿಗೆ ತಿರುಗಿಸುತ್ತೆ. ಆ ಸಣ್ಣ ವೋಲ್ಟೇಜನ್ನ ಹಿಗ್ಗಿಸಿ ಅಂಕಿಯಾಗಿ ತೋರಿಸ್ತಾರೆ, ಇಷ್ಟೇ. ಹೈನ್ರಿಕ್ ಹರ್ಟ್ಸ್ 1880ರ ದಶಕದಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಈ ಅಲೆಗಳನ್ನ ಮೊದಲು ಹಿಡಿದಾಗ ಅವನ ಕೈಲಿದ್ದದ್ದು ಬಳೆಯ ಹಾಗೆ ಬಗ್ಗಿಸಿದ ತಂತಿ. ಬಳೆಯ ಎರಡು ತುದಿ ಕೂಡೋ ಕಡೆ ಕೂದಲೆಳೆಯಷ್ಟು ಸಂದು. ಕತ್ತಲೆ ಕೋಣೆಯಲ್ಲಿ ಕೂತು, ಆ ಸಂದಿನಲ್ಲಿ ಕಿಡಿ ಹಾರುತ್ತಾ ಅಂತ ನೋಡ್ತಿದ್ದ. ಅದೇ ಮೊದಲನೇ ಮೀಟರು. ಆಮೇಲೆ ನಮ್ಮ ಜಗದೀಶ್ ಚಂದ್ರ ಬೋಸರು. 1895ರಲ್ಲಿ ಕಲ್ಕತ್ತೆಯಲ್ಲಿ, ಮಿಲಿಮೀಟರ್ ಲೆಕ್ಕದ ಪುಟ್ಟ ಅಲೆಗಳಿಂದ, ತಂತಿಯ ನಂಟಿಲ್ಲದೆ ದೂರದ ಗಂಟೆ ಬಾರಿಸಿ ತೋರಿಸಿದರು. ಗೆಲೀನಾ ಅನ್ನೋ ಸೀಸದ ಅದಿರಿನ ಹರಳಿಂದ ಅಲೆ ಹಿಡಿಯೋ ಸಾಧನಕ್ಕೆ 1904ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ನಿನ್ನ ಕೈಲಿರೋ ಡಯೋಡು ಆ ಹರಳಿನ ಮರಿಮಗ.

ಆಕೆ: ನಮ್ಮ ಮೈಸೂರಿನ ಆಕಾಶವಾಣಿಗೂ ಇವೇ ಅಲೆಗಳಾ?

ಮೇಷ್ಟ್ರು: ಜಾತಿ ಒಂದೇ, ಉದ್ದ ಬೇರೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದರಲ್ಲ, ಅಂದಿನಿಂದ ಈ ಊರಿನ ಗಾಳಿಯಲ್ಲಿ ರೇಡಿಯೋ ಅಲೆ ಇದೆ. ಆದರೆ ಮೀಡಿಯಂ ವೇವ್‌ನಲ್ಲಿ ಬರೋ ಬಾನುಲಿಯಾದರೆ ಅಲೆ ನೂರಾರು ಮೀಟರ್ ಉದ್ದ. ನಿನ್ನ ಮೀಟರ್ ಅದನ್ನ ಕಾಣೋದೇ ಇಲ್ಲ. ಹಿಂದುಗಡೆ ಚೀಟಿಯಲ್ಲಿ ಏನಿದೆ ನೋಡು.

ಆಕೆ: 50 ಮೆಗಾಹರ್ಟ್ಸ್‌ನಿಂದ 3.5 ಗಿಗಾಹರ್ಟ್ಸ್.

ಮೇಷ್ಟ್ರು: ಅದು ಈ ಮೀಟರಿನ ಕಣ್ಣಿನ ಅಳವು. 700, 900, 1800, 2100, 2300 ಮೆಗಾಹರ್ಟ್ಸ್ ಕಾಣುತ್ತೆ. 2.4 ಗಿಗಾಹರ್ಟ್ಸ್ ವೈಫೈ ಕಾಣುತ್ತೆ, 5 ಗಿಗಾಹರ್ಟ್ಸ್ ವೈಫೈ ಕಾಣಲ್ಲ. ನಮ್ಮ ದೇಶದ 5ಜಿಯ ಮುಖ್ಯ ಪಟ್ಟಿ 3300ರಿಂದ 3670 ಮೆಗಾಹರ್ಟ್ಸ್. ಅದು ಇದರ ಅಂಚಿನಲ್ಲಿ ಬರುತ್ತೆ, ಒಂದು ಭಾಗ ಹೊರಗೇ ಉಳಿಯುತ್ತೆ. 5ಜಿಯದೇ ಆದ 26 ಗಿಗಾಹರ್ಟ್ಸ್‌ಗಂತೂ ಇದು ಪೂರ್ತಿ ಕುರುಡು. ಅಂಗಡಿಯವನು ಪೆಟ್ಟಿಗೆ ಮೇಲೆ '5ಜಿ ಮೀಟರ್' ಅಂತ ಅಚ್ಚು ಹಾಕಿದ ಮಾತ್ರಕ್ಕೆ ಅದು ಕಾಣುತ್ತೆ ಅಂತಲ್ಲ. ಇನ್ನೊಂದು ಸಾಲು ಓದು, ಪ್ಲಸ್ ಆರ್ ಮೈನಸ್ ಅಂತ ಇರಬೇಕು.

ಆಕೆ: ಪ್ಲಸ್ ಆರ್ ಮೈನಸ್ 3 ಡೆಸಿಬೆಲ್.

ಮೇಷ್ಟ್ರು: 3 ಡೆಸಿಬೆಲ್ ಅಂದರೆ ದುಪ್ಪಟ್ಟು ಇಲ್ಲವೇ ಅರ್ಧ. ಅದು 6,800 ಅಂದರೆ ನಿಜ 3,400ರಿಂದ 13,600ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹಾಗಾಗಿ ನಿನ್ನೆ 6,800, ಇವತ್ತು 7,300 ಅಂತ ಎದೆ ಬಡ್ಕೋಬೇಡ. ಏಳು ಸಾವಿರದ್ದು ಎಪ್ಪತ್ತು ಸಾವಿರ ಆದರೆ ನನ್ನನ್ನ ಕರಿ.

ಆಕೆ: ಸರಿ, ಅಳತೆ ಆಯ್ತು. ಈ ಆರು ಸಾವಿರದ ಎಂಟುನೂರು ಜಾಸ್ತಿನಾ ಕಮ್ಮಿನಾ? ಜೊತೆಗೆ ಬಂದ ಕಾಗದದಲ್ಲಿ ಬಣ್ಣದ ಪಟ್ಟಿ ಇದೆ. ಸಾವಿರ ದಾಟಿದರೆ ಕಡುಗೆಂಪು.

ಮೇಷ್ಟ್ರು: ಇಲ್ಲಿ ನಿಧಾನಕ್ಕೆ ಕೇಳಬೇಕು. ಜಗತ್ತಲ್ಲಿ ಇದಕ್ಕೆ ಒಂದೇ ಅಳತೆಗೋಲಿಲ್ಲ. ನಿನ್ನ ಕಾಗದದ ಪಟ್ಟಿ ಜರ್ಮನಿಯ ಬಿಲ್ಡಿಂಗ್ ಬಯಾಲಜಿ ಅನ್ನೋ ಪಂಥದವರದು. ಮಲಗೋ ಕೋಣೆಗೆ ಅಂತ ಮಾಡಿದ್ದು. ಸಾವಿರ ಮೈಕ್ರೋವ್ಯಾಟ್ ದಾಟಿದರೆ ಅತಿ ಕಳವಳಕಾರಿ ಅಂತಾರೆ. 'ಎಷ್ಟು ಕಡಿಮೆ ಮಾಡಕ್ಕಾಗುತ್ತೋ ಅಷ್ಟು ಮಾಡಿ' ಅನ್ನೋ ಮುಂಜಾಗ್ರತೆ ಅದರ ಬೇರು. ಇಷ್ಟಾದರೆ ಈ ಕಾಯಿಲೆ ಬರುತ್ತೆ ಅಂತ ಕಂಡುಹಿಡಿದು ಹಾಕಿದ ಗೆರೆಯಲ್ಲ. ಇನ್ನೊಂದು ತುದಿಗೆ ಐಸಿಎನ್‌ಐಆರ್‌ಪಿ ಅನ್ನೋ ಅಂತರರಾಷ್ಟ್ರೀಯ ಆಯೋಗ. 1998ರಲ್ಲಿ ಅವರು ಹಾಕಿದ ಲೆಕ್ಕ ಹೀಗಿತ್ತು: ದೇಹದ ಪ್ರತಿ ಕಿಲೋ ತೂಕಕ್ಕೆ 4 ವ್ಯಾಟ್ ಹೀರಿದರೆ ಮೈಯ ಬಿಸಿ ಸುಮಾರು ಒಂದು ಡಿಗ್ರಿ ಏರುತ್ತೆ. ಅದರ ಐವತ್ತರಲ್ಲೊಂದು ಪಾಲು ಜನಸಾಮಾನ್ಯರಿಗೆ ಮಿತಿ. ಅದನ್ನ ಗಾಳಿಯಲ್ಲಿರೋ ಅಲೆಗೆ ತಿರುಗಿಸಿದರೆ 900 ಮೆಗಾಹರ್ಟ್ಸ್‌ನಲ್ಲಿ ಚದರ ಮೀಟರಿಗೆ 4.5 ವ್ಯಾಟ್.

ಆಕೆ: ನಮ್ಮ ದೇಶದ್ದು?

ಮೇಷ್ಟ್ರು: ಭಾರತ 2012ರ ಸೆಪ್ಟೆಂಬರ್ 1ರಿಂದ ಟವರುಗಳಿಗೆ ಅದರ ಹತ್ತನೇ ಒಂದು ಭಾಗವನ್ನ ಗೊತ್ತುಮಾಡಿತು. 700 ಮೆಗಾಹರ್ಟ್ಸ್‌ಗೆ 0.35 ವ್ಯಾಟ್, 900ಕ್ಕೆ 0.45, 1800ಕ್ಕೆ 0.9, ಎರಡು ಸಾವಿರದಿಂದ ಮೇಲಕ್ಕೆ 1 ವ್ಯಾಟ್. ನಿನ್ನ ಮೀಟರ್ ಎಲ್ಲವನ್ನೂ ಒಟ್ಟಿಗೆ ಸೇರಿಸಿ ತೋರಿಸುತ್ತೆ, ಯಾವ ಆವರ್ತನದ್ದು ಎಷ್ಟು ಅಂತ ಬಿಡಿಸಿ ಹೇಳಕ್ಕೆ ಅದಕ್ಕೆ ಬರಲ್ಲ. ಅದಕ್ಕೇ ಎಲ್ಲಕ್ಕಿಂತ ಬಿಗಿಯಾದ 0.35 ಇಟ್ಕೋ. ಮೈಕ್ರೋದಲ್ಲಿ ಅದು ಮೂರೂವರೆ ಲಕ್ಷ. ನಿನ್ನದು 6,800. ಐವತ್ತರಲ್ಲೊಂದು ಪಾಲು. ಮೀಟರ್ ಅರ್ಧಕ್ಕರ್ಧ ಕಡಿಮೆ ತೋರಿಸಿದೆ ಅಂದ್ಕೊಂಡರೂ ಇಪ್ಪತ್ತೈದರಲ್ಲೊಂದು.

ಆಕೆ: ಒಬ್ಬರ ಪ್ರಕಾರ ಕಡುಗೆಂಪು, ಇನ್ನೊಬ್ಬರ ಪ್ರಕಾರ ಏನೇನೂ ಅಲ್ಲ. ನಾನು ಯಾರನ್ನ ನಂಬಲಿ?

ಮೇಷ್ಟ್ರು: ನಡುವೆಯೂ ಕೆಲವರಿದ್ದಾರೆ. ಸ್ವಿಟ್ಜರ್ಲೆಂಡಿನಲ್ಲಿ 2000ನೇ ಇಸವಿಯಿಂದ ಮನೆ, ಶಾಲೆ, ಆಸ್ಪತ್ರೆಯಂಥ ಕಡೆ ಒಂದೊಂದು ಟವರ್ ತಾಣದಿಂದ ಮೀಟರಿಗೆ 4ರಿಂದ 6 ವೋಲ್ಟ್ ದಾಟಬಾರದು ಅಂತ ಕಾನೂನಿದೆ. ನಿನ್ನ 6,800 ಆ ಲೆಕ್ಕದಲ್ಲಿ 1.6 ವೋಲ್ಟ್. ನನ್ನ ಅಭಿಪ್ರಾಯ ಕೇಳ್ತೀಯಾ? ಮುಂಜಾಗ್ರತೆ ಬೇಕು ಅನ್ನೋರನ್ನ ನಾನು ಮೂರ್ಖರು ಅನ್ನಲ್ಲ. 2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಅಲೆಗಳನ್ನ 2ಬಿ ಗುಂಪಿಗೆ ಸೇರಿಸಿತು. 'ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು, ಪುರಾವೆ ಸೀಮಿತ' ಅಂತ ಅದರ ಅರ್ಥ. ಆದರೆ ಬಣ್ಣದ ಪಟ್ಟಿ ಕೊಟ್ಟು, ಯಾವ ಅಳತೆಗೋಲು ಅಂತ ಹೇಳದೆ, ಎರಡು ವರ್ಷದ ಮಗುವಿನ ತಾಯಿಯನ್ನ ರಾತ್ರಿಯೆಲ್ಲ ಎಚ್ಚರ ಇರೋ ಹಾಗೆ ಮಾಡೋದು ತಪ್ಪು. ಖಂಡಿತ ತಪ್ಪು.

ಆಕೆ: ಎಕ್ಸ್‌ರೇ ಥರಾನೇ ಇದೂ ಅಂತ ನಮ್ಮ ಅತ್ತೆ ಹೇಳ್ತಾರೆ.

ಮೇಷ್ಟ್ರು: ರೇಡಿಯೇಷನ್ ಅನ್ನೋ ಒಂದೇ ಪದ ಎರಡಕ್ಕೂ ಬಂದು ಸೇರಿದ್ದರಿಂದ ಆದ ಗೊಂದಲ ಅದು. ಹಪ್ಪಳ ಒಣಗಿಸೋ ಬಿಸಿಲೂ ರೇಡಿಯೇಷನ್ನೇ. ಎಕ್ಸ್‌ರೇಯ ಒಂದೊಂದು ಕಣಕ್ಕೂ ಅಣುವಿನಿಂದ ಎಲೆಕ್ಟ್ರಾನನ್ನ ಕಿತ್ತು ಎಸೆಯೋ ಶಕ್ತಿಯಿದೆ. ಮೊಬೈಲ್ ಅಲೆಯ ಕಣಕ್ಕೆ ಅದರ ಲಕ್ಷದಲ್ಲೊಂದು ಪಾಲೂ ಇಲ್ಲ. ಮೊಬೈಲ್ ಅಲೆಯಿಂದ ಆಗುತ್ತೆ ಅಂತ ಗಟ್ಟಿಯಾಗಿ ಗೊತ್ತಿರೋದು ಬಿಸಿ ಮಾಡೋದು. ಮೈಕ್ರೋವೇವ್ ಒಲೆ 2450 ಮೆಗಾಹರ್ಟ್ಸ್‌ನಲ್ಲಿ ಮಾಡೋದೂ ಅದನ್ನೇ, ನೂರಾರು ವ್ಯಾಟ್ ಹಾಕಿ, ಕಬ್ಬಿಣದ ಪೆಟ್ಟಿಗೆಯೊಳಗೆ ಕೂಡಿಟ್ಟು.

ಆಕೆ: ಮೀಟರಲ್ಲಿ ಪೀಕ್, ಆವರೇಜ್ ಅಂತ ಎರಡು ಗುಂಡಿಗಳಿವೆ. ನಾನು ಪೀಕಲ್ಲೇ ಇಟ್ಟಿದ್ದೆ.

ಮೇಷ್ಟ್ರು: ಅದನ್ನ ಮೊದಲೇ ಕೇಳಬೇಕಿತ್ತು ನಾನು. ಮಳೆಯ ಹಾಗೆ ಯೋಚನೆ ಮಾಡು. ಒಂದು ಕ್ಷಣ ರಪರಪ ಸುರಿದ ರಭಸ ಪೀಕ್. ಇಡೀ ಮಳೆಗೆ ಮಳೆಮಾಪಕದಲ್ಲಿ ನಿಂತ ನೀರನ್ನ ಮಳೆ ಬಂದ ಹೊತ್ತಿಗೆ ಹಂಚಿದರೆ ಆವರೇಜ್. ಕಾನೂನಿನ ಮಿತಿಗಳು ಸರಾಸರಿಗೆ ಹಾಕಿದ್ದು, 1998ರ ಮಾರ್ಗಸೂಚಿಯಲ್ಲಿ ಆರು ನಿಮಿಷದ ಸರಾಸರಿ. ಇವತ್ತಿನ ಸಿಗ್ನಲುಗಳು ಒಂದೇ ಸಮ ಹರಿಯೋ ನಲ್ಲಿ ನೀರಲ್ಲ. ನೆನಪಿದೆಯಾ, ಆಗ ರೇಡಿಯೋ ಪಕ್ಕ ಮೊಬೈಲ್ ಇಟ್ಟಿದ್ದರೆ ಕರೆ ಬರೋಕ್ಕೆ ಮುಂಚೆ 'ಟಿಟ್ಟಿಟ್ ಟಿಟ್ಟಿಟ್' ಅಂತ ಕೇಳ್ತಿತ್ತು?

ಆಕೆ: ಹೂಂ! ಅಪ್ಪ 'ಯಾರದೋ ಫೋನ್ ಬರ್ತಿದೆ ನೋಡು' ಅನ್ನೋರು.

ಮೇಷ್ಟ್ರು: ಜಿಎಸ್‌ಎಂ ಫೋನು ಸೆಕೆಂಡಿಗೆ 217 ಸಲ ಬಿಟ್ಟು ಬಿಟ್ಟು ಅಲೆ ಕಳಿಸ್ತಿತ್ತು, ಆ ಸದ್ದು ಅದರದ್ದು. ವೈಫೈ ರೂಟರ್ ಯಾರೂ ಬಳಸದೆ ಸುಮ್ಮನಿದ್ದರೂ ಸೆಕೆಂಡಿಗೆ ಸುಮಾರು ಹತ್ತು ಸಲ 'ನಾನಿಲ್ಲಿದ್ದೀನಿ' ಅಂತ ಮಿಡಿಯುತ್ತೆ. ಆ ಮಿಡಿತದ ಪೀಕ್ ಎಷ್ಟಿರುತ್ತೆ, ಲೆಕ್ಕ ಹಾಕು: ನೂರು ಮಿಲಿವ್ಯಾಟ್ ರೂಟರಿಂದ ಒಂದು ಮೀಟರ್ ದೂರದಲ್ಲಿ ಸುಮಾರು 8,000 ಮೈಕ್ರೋವ್ಯಾಟ್. ಟವರಿಂದು ಅಂತ ನೀನು ಅಳೆದದ್ದಕ್ಕಿಂತ ಒಂದು ಕೈ ಜಾಸ್ತಿನೇ. ಎರಡು ಮೀಟರ್ ದೂರ ಹೋಗು, 2,000. ನಾಲ್ಕು ಮೀಟರ್, 500. ದೂರ ದುಪ್ಪಟ್ಟಾದರೆ ತೀವ್ರತೆ ಕಾಲುಭಾಗ. ಈ ಶಾಸ್ತ್ರದಲ್ಲಿ ಇದೊಂದು ಸೂತ್ರ ನೆನಪಿದ್ದರೆ ಮುಕ್ಕಾಲು ಭಯ ತಾನಾಗೇ ಕರಗುತ್ತೆ.

ಆಕೆ: ಹಾಗಾದರೆ ಟವರ್ ನಿಂತಿರೋ ಮನೆಯವರ ಗತಿ? ಬಾಡಿಗೆ ಆಸೆಗೆ ತಲೆ ಮೇಲೇ ಇಟ್ಕೊಂಡಿದ್ದಾರೆ.

ಮೇಷ್ಟ್ರು: ದೀಪದ ಬುಡದಲ್ಲಿ ಕತ್ತಲು ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ. ಆ ಉದ್ದನೆ ಬಿಳೀ ಪಟ್ಟಿಗಳಿವೆಯಲ್ಲ, ಅವು ಅಲೆಯನ್ನ ಕೆಳಕ್ಕೆ ಸುರಿಯಲ್ಲ. ಮುಂದಕ್ಕೆ, ತಟ್ಟೆಯ ಹಾಗೆ ತೆಳ್ಳಗೆ, ನಾಲ್ಕೈದು ಡಿಗ್ರಿ ಮಾತ್ರ ಬಾಗಿಸಿ ಕಳಿಸುತ್ತವೆ. ಇಪ್ಪತ್ತು ಮೀಟರ್ ಎತ್ತರದಿಂದ ಐದು ಡಿಗ್ರಿ ಬಾಗಿ ಹೊರಟ ಕಿರಣ ನೆಲ ಮುಟ್ಟೋದು ಸುಮಾರು 230 ಮೀಟರ್ ಆಚೆ. ಕೆಳಗಿರೋ ಮನೆಗೆ ಮೇಲ್ಛಾವಣಿಯ ಕಾಂಕ್ರೀಟು ಬೇರೆ ಅಡ್ಡ. ನಿಮ್ಮನೆ ಮೊದಲನೇ ಮಹಡಿ, ಮುಖ್ಯ ಕಿರಣ ನಿಮ್ಮ ತಲೆ ಮೇಲೆ ಹಾದು ಹೋಗ್ತಿದೆ. ನನಗೆ ಯೋಚನೆ ಇರೋದು ಬೇರೆ ಮನೆಯದು. ಟವರಿಗೆ ನೇರ ಎದುರಿಗೆ, ಅದೇ ಎತ್ತರಕ್ಕೆ, ಆ ಅಪಾರ್ಟ್‌ಮೆಂಟಿನ ಮೇಲಿನ ಮಹಡಿ ಇದೆಯಲ್ಲ?

ಆಕೆ: ಅಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಒಬ್ಬರೇ.

ಮೇಷ್ಟ್ರು: ಈ ಬೀದೀಲಿ ಅಳೆಯಲೇಬೇಕಾದ ಮನೆ ಅದು. ಅಲ್ಲಿ ಯಾರೂ ಮೀಟರ್ ತರಿಸಿಲ್ಲ. ಅದನ್ನ ಆಮೇಲೆ ಮಾತಾಡೋಣ. ಈಗ ಮಗು ಮಲಗೋ ಜಾಗ ತೋರಿಸು.

ಆಕೆ: ಇಲ್ಲಿ. ನೂರಿಪ್ಪತ್ತು ತೋರಿಸ್ತಿದೆ. ಅಬ್ಬ!

ಮೇಷ್ಟ್ರು: ರಾತ್ರಿ ಮಲಗಿಸೋವಾಗ ಏನೇನು ಹತ್ತಿರ ಇರುತ್ತೆ?

ಆಕೆ: ಏನಿಲ್ಲ. ಜೋಗುಳ ಕೇಳ್ಕೊಂಡೇ ಮಲಗ್ತಾಳೆ, ಮೊಬೈಲಲ್ಲಿ ಹಾಕಿ ದಿಂಬಿನ ಪಕ್ಕ ಇಡ್ತೀನಿ.

ಮೇಷ್ಟ್ರು: ಇಂಟರ್ನೆಟ್ಟಿಂದ ಬರೋ ಜೋಗುಳನಾ?

ಆಕೆ: ಹೂಂ.

ಮೇಷ್ಟ್ರು: ಫ್ಲೈಟ್ ಮೋಡ್ ತೆಗಿ, ಹಾಡು ಹಾಕು, ದಿನಾ ಇಡೋ ಜಾಗದಲ್ಲೇ ಇಡು. ಮೀಟರನ್ನ ದಿಂಬಿನ ಮೇಲೆ ಹಿಡಿ.

ಆಕೆ: ಮೇಷ್ಟ್ರೇ... ಅಂಕಿಯೇ ಬರ್ತಿಲ್ಲ. ಅಳತೆ ಮೀರಿದೆ ಅಂತಿದೆ.

ಮೇಷ್ಟ್ರು: ಗಾಬರಿ ಆಗಬೇಡ. ಫೋನಿಗೆ ಇಷ್ಟು ಹತ್ತಿರದಲ್ಲಿ ಅಲೆ ಇನ್ನೂ ಸರಿಯಾಗಿ ರೂಪ ತಾಳಿರಲ್ಲ, ಅಲ್ಲಿ ಈ ಮೀಟರ್ ತೋರಿಸೋ ಅಂಕಿಯನ್ನ ಯಾವ ಮಿತಿಗೂ ಹೋಲಿಸಕ್ಕಾಗಲ್ಲ. ಫೋನಿಗೆ ಬೇರೆ ಅಳತೆಯೇ ಇದೆ. ದೇಹ ಹೀರೋ ಶಕ್ತಿ, ಕಿಲೋಗೆ 1.6 ವ್ಯಾಟ್ ದಾಟಬಾರದು ಅಂತ 2012ರಿಂದ ನಮ್ಮಲ್ಲೂ ನಿಯಮ. ಸ್ಟಾರ್, ಹ್ಯಾಷ್, 07, ಹ್ಯಾಷ್ ಒತ್ತಿದರೆ ಬಹಳಷ್ಟು ಫೋನುಗಳಲ್ಲಿ ಆ ಮಾಡೆಲಿನ ಅಂಕಿ ಬರುತ್ತೆ. ನಾನು ತೋರಿಸಬೇಕು ಅಂದ್ಕೊಂಡದ್ದು ಬೇರೆ. ನೂರಡಿ ಆಚೆಯ ಟವರಿಗೆ ಹೆದರಿ ನಿದ್ದೆಗೆಟ್ಟೆ. ಅಳತೆ ಮೀರಿದ ಜಾಗ ಮಗುವಿನ ಕಿವಿಯಿಂದ ಒಂದು ಗೇಣು. ಇನ್ನೊಂದು ವಿಷಯ, ಟವರ್ ದೂರ ಇದ್ದಷ್ಟೂ, ಸಿಗ್ನಲ್ ಕ್ಷೀಣವಾದಷ್ಟೂ ಫೋನು ಜೋರಾಗಿ ಕೂಗಬೇಕು. ಲಿಫ್ಟಲ್ಲಿ, ಬಸ್ಸಲ್ಲಿ, ಒಳಕೋಣೆಯಲ್ಲಿ ಮಾತಾಡೋವಾಗ ಅದು ತನ್ನ ಪೂರ್ತಿ ಶಕ್ತಿ ಹಾಕಬಹುದು. 4ಜಿಯಲ್ಲಿ ಸುಮಾರು 200 ಮಿಲಿವ್ಯಾಟ್‌ವರೆಗೆ.

ಆಕೆ: ಎಂಥ ಕೆಲಸ ಮಾಡಿದೆ ನಾನು.

ಮೇಷ್ಟ್ರು: ಛೆ, ಹಾಗನ್ನಬೇಡ. ಯಾರೂ ಹೇಳಿಕೊಡದೇ ಇದ್ದದ್ದು ನಿನ್ನ ತಪ್ಪಲ್ಲ. ಹಾಡನ್ನ ಫೋನಿಗೆ ಇಳಿಸಿಟ್ಕೋ, ಫ್ಲೈಟ್ ಮೋಡ್ ಹಾಕು, ನಾಲ್ಕಡಿ ದೂರದ ಮೇಜಿನ ಮೇಲಿಡು. ಈಗಲೇ ಮಾಡಿ ನೋಡು.

ಆಕೆ: ನೂರಿಪ್ಪತ್ತೈದು. ಮುಂಚಿನ ಹಾಗೇ ಆಯ್ತು. ಮೇಷ್ಟ್ರೇ, ಫೋನಿನ ಹಿಂದೆ ಅಂಟಿಸೋ ಸ್ಟಿಕರ್ ಬರುತ್ತಂತೆ, ರೇಡಿಯೇಷನ್ ಹೀರುತ್ತಂತೆ.

ಮೇಷ್ಟ್ರು: ದುಡ್ಡು ದಂಡ. ಆ ಸ್ಟಿಕರ್ ನಿಜವಾಗಿ ಅಲೆ ತಡೆದರೆ ಫೋನಿಗೆ ಸಿಗ್ನಲ್ ಸಾಲದೆ ಇನ್ನಷ್ಟು ಜೋರಾಗಿ ಕೂಗುತ್ತೆ. ತಡೆಯದೇ ಇದ್ದರೆ ಅದು ಬರೀ ಕಾಗದ. ಭಯವನ್ನ ಮಾರೋರ ಮೇಲೆ ನನಗೆ ಸಿಟ್ಟಿದೆ. ಆ ದುಡ್ಡಲ್ಲಿ ಒಂದು ವೈರಿನ ಇಯರ್‌ಫೋನ್ ತಗೋ, ಫೋನು ತಲೆಯಿಂದ ದೂರ ಇರುತ್ತೆ.

ಆಕೆ: ಆ ಅಜ್ಜಿ ಮನೆ ವಿಷಯ ಅಂದ್ರಲ್ಲ.

ಮೇಷ್ಟ್ರು: ಅವರ ಬಾಲ್ಕನಿಗೆ ಈ ಮೀಟರ್ ತಗೊಂಡು ಹೋಗೋಣ. ಅವರ ಒಪ್ಪಿಗೆ ಕೇಳಿ, ಹೆದರಿಸದೆ. ಒಂದು ನೋಟ್‌ಬುಕ್ ಇಡು. ದಿನಾಂಕ, ಹೊತ್ತು, ಯಾವ ಕೋಣೆ, ನೆಲದಿಂದ ಎಷ್ಟು ಎತ್ತರ, ಪೀಕೋ ಆವರೇಜೋ, ಯಾವ ಯೂನಿಟ್, ಮೀಟರಿನ ಆವರ್ತನದ ವ್ಯಾಪ್ತಿ, ಕಿಟಕಿ ತೆಗೆದಿತ್ತೋ ಮುಚ್ಚಿತ್ತೋ, ಎಲ್ಲ ಬರಿ. ಬೆಳಗಿನ ಜಾವ ಒಂದು ಸಲ, ರಾತ್ರಿ ಒಂಬತ್ತಕ್ಕೆ ಒಂದು ಸಲ. ಜನ ಎಲ್ಲ ಕ್ರಿಕೆಟ್ ನೋಡೋ ಹೊತ್ತಿಗೆ ಟವರಿನ ಕೆಲಸ ಜಾಸ್ತಿ. 5ಜಿ ಆಂಟೆನಾ ಅಂತೂ ಬಳಸೋರು ಎಲ್ಲಿದ್ದಾರೋ ಆ ಕಡೆಗೆ ಕಿರಣ ತಿರುಗಿಸುತ್ತೆ, ಬಳಸೋರಿಲ್ಲದಾಗ ಅಳೆದರೆ ಕಡಿಮೆನೇ ಕಾಣುತ್ತೆ.

ಆಕೆ: ಅಲ್ಲಿ ಜಾಸ್ತಿ ಬಂದರೆ? ನನ್ನ ಮೀಟರ್ ನಂಬಿ ಯಾರು ಬರ್ತಾರೆ?

ಮೇಷ್ಟ್ರು: ಈ ಮೀಟರಿನ ಅಂಕಿ ಸಾಕ್ಷಿಯಾಗಿ ನಿಲ್ಲಲ್ಲ, ನಿಜ. ಆದರೆ ಎಲ್ಲಿ ಬಂದು ಅಳೀಬೇಕು ಅಂತ ಬೆರಳು ಮಾಡಿ ತೋರಿಸಕ್ಕೆ ಸಾಕು. ಟವರ್ ಮಿತಿಯೊಳಗಿದೆ ಅಂತ ಕಂಪನಿಗಳೇ ಬರೆದುಕೊಡಬೇಕು, ದೂರಸಂಪರ್ಕ ಇಲಾಖೆಯವರು ಅದರಲ್ಲಿ ಒಂದಷ್ಟನ್ನ ತಾವೇ ಪರೀಕ್ಷೆ ಮಾಡ್ತಾರೆ. ಅವರ ಉಪಕರಣ ಒಂದೊಂದು ಆವರ್ತನವನ್ನೂ ಬಿಡಿಸಿ ತೋರಿಸುತ್ತೆ. 2017ರಲ್ಲಿ ಇಲಾಖೆ 'ತರಂಗ್ ಸಂಚಾರ್' ಅನ್ನೋ ಪೋರ್ಟಲ್ ಶುರುಮಾಡಿದಾಗ, ಯಾರು ಬೇಕಾದರೂ 4,000 ರೂಪಾಯಿ ಕಟ್ಟಿ ತಮ್ಮ ಜಾಗದಲ್ಲಿ ಅಳೆಸಬಹುದು ಅಂತ ಅವಕಾಶ ಮಾಡಿಕೊಟ್ಟಿತು.

ಆಕೆ: ಅಜ್ಜಿಗೆ ನಾಲ್ಕು ಸಾವಿರ ಎಲ್ಲಿಂದ ಬರಬೇಕು?

ಮೇಷ್ಟ್ರು: ಬೀದೀಲಿ ಇಪ್ಪತ್ತು ಮನೆ ಇವೆ. ಮನೆಗೆ ಇನ್ನೂರು. ಆ ಟವರಿನ ಸಿಗ್ನಲ್ ನಾವೆಲ್ಲ ಬಳಸ್ತಿದೀವಿ, ಅದರ ನೇರಕ್ಕೆ ಕೂತಿರೋದು ಅವರೊಬ್ಬರು. ಮೊದಲ ಇನ್ನೂರು ನನ್ನದು, ತಗೋ. ಹದಿನೈದು ದಿನ ಅಳೆದು ನೋಟ್‌ಬುಕ್ ತಗೊಂಡು ಬಾ, ಅರ್ಜಿ ಇಬ್ಬರೂ ಕೂತು ಬರೆಯೋಣ.